ಎರಡನೇ ಬೆಳೆ ಇಲ್ಲದ ವರ್ಷದ ಎರಡನೇ ತರಗತಿ

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈ ವರ್ಷ ಎರಡನೇ ಬೆಳೆಗೆ ನೀರಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಅದಾದ ಮೇಲೆ ಎಲ್ಲ 33 ಗೇಟುಗಳನ್ನೂ ಬದಲಿಸದೆ ಗತ್ಯಂತರವಿಲ್ಲ ಎಂದಾಯಿತು, ಆ ಕೆಲಸಕ್ಕಾಗಿ 2025-26ರ ಬೇಸಿಗೆ ಬೆಳೆಗೆ ನೀರು ಬಿಡುವುದಿಲ್ಲ ಎಂಬ ತೀರ್ಮಾನ ನವೆಂಬರ್‌ನಲ್ಲೇ ಹೊರಬಿತ್ತು. ಸಿಂಧನೂರಿನಲ್ಲಿ ಅವತ್ತಿನಿಂದಲೇ ಲೆಕ್ಕ ಶುರುವಾಯಿತು. ಅಕ್ಕಿ ಗಿರಣಿಯವರು ಹಾಕಿದರು, ಗೊಬ್ಬರದ ಅಂಗಡಿಯವರು ಹಾಕಿದರು, ಟ್ರ್ಯಾಕ್ಟರ್ ಸಾಲ ಕೊಟ್ಟವರು ಹಾಕಿದರು, ಲೀಸಿಗೆ ಗದ್ದೆ ಹಿಡಿದವರು ತಲೆ ಮೇಲೆ ಕೈಹೊತ್ತು ಹಾಕಿದರು. ಒಂದು ಲೆಕ್ಕ ಮಾತ್ರ ಯಾವ ಸಭೆಯಲ್ಲೂ ಕೇಳಿಬರಲಿಲ್ಲ. ಸರ್ಕಾರಿ ಶಾಲೆಯ ಒಂದು, ಎರಡು, ಮೂರನೇ ತರಗತಿಗಳ ಹಾಜರಿ ಫೆಬ್ರುವರಿ, ಮಾರ್ಚ್‌ನಲ್ಲಿ ಏನಾಗುತ್ತದೆ ಎಂಬ ಲೆಕ್ಕ.

ಎರಡನೇ ಬೆಳೆ ಎಂದರೆ ಜನವರಿಯ ನಾಟಿ. ನಾಟಿ ಎಂದರೆ ಹೆಣ್ಣುಮಕ್ಕಳ ಕೂಲಿ. ಕೊಯ್ಲಿಗೆ ಯಂತ್ರ ಬಂದು ಎಷ್ಟೋ ವರ್ಷವಾಯಿತು, ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುವ ಕೆಲಸ ಮಾತ್ರ ಬಹುಪಾಲು ಇನ್ನೂ ಕೈಯದೇ. ಆ ಕೂಲಿಯೇ ಇಲ್ಲವೆಂದಾಗ ಸಿಂಧನೂರಿನ ಹಳ್ಳಿಗಳಿಗೂ, ಅಲ್ಲಿಗೆ ದುಡಿಯಲು ಹೋಗುತ್ತಿದ್ದ ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಊರು-ತಾಂಡಾಗಳಿಗೂ ಉಳಿಯುವ ದಾರಿ ಗುಳೆ. ಬೆಂಗಳೂರಿನ ಕಟ್ಟಡ ಕೆಲಸ, ಪುಣೆ, ಗೋವಾ, ಹೈದರಾಬಾದು. ಹೊರಡುವ ಮುಂಚೆ ಪ್ರತಿ ಮನೆಯಲ್ಲೂ ಮಕ್ಕಳ ಮಟ್ಟಿಗೆ ಒಂದು ತೀರ್ಮಾನ ಆಗಬೇಕಾಗುತ್ತದೆ. ಏಳನೇ ತರಗತಿಯ ಹುಡುಗ ಅಜ್ಜಿಯ ಹತ್ತಿರ ಉಳಿಯುತ್ತಾನೆ. ರೊಟ್ಟಿ ಬಡಿಯಲು ಬರುವ ಹುಡುಗಿಯೂ ಉಳಿಯಬಹುದು, ಇಲ್ಲವೇ ಕೂಸು ಹಿಡಿಯಲು ಜೊತೆಗೇ ಹೋಗಬಹುದು. ಆರು, ಏಳು, ಎಂಟು ವರ್ಷದವು ಅವ್ವನ ಬಿಟ್ಟು ಇರಲೊಲ್ಲವು. ಅವು ಬಸ್ ಹತ್ತುತ್ತವೆ. ಹೀಗಾಗಿ ಗುಳೆಯ ಪೆಟ್ಟು ಮೊದಲು ಬೀಳುವುದೇ ಅಕ್ಷರ ಕೂಡಿಸಲು ಕಲಿಯುತ್ತಿರುವ ಮಕ್ಕಳ ಮೇಲೆ.

ಮಗು ಎಲ್ಲಿ ಎಂದು ಕೇಳಿದರೆ ಸಿಗುವ ಉತ್ತರ ಎಲ್ಲ ಊರಲ್ಲೂ ಒಂದೇ: ಯುಗಾದಿಗೆ ಬರ್ತಾರ್ರಿ. ಈ ಸಲದ ಯುಗಾದಿ ಮಾರ್ಚ್ 19ಕ್ಕೆ, ಶಾಲೆಯ ಎರಡನೇ ಅವಧಿ ಮುಗಿಯುವುದು ಏಪ್ರಿಲ್ 10ಕ್ಕೆ. ಹಬ್ಬಕ್ಕೆ ಬಂದವರು ಮಗುವನ್ನು ವರ್ಷದ ಕೊನೆಯ ಎಸ್‌ಎ-2 ಪರೀಕ್ಷೆಗೆ ಕೂರಿಸಿ ಮತ್ತೆ ಹೊರಟರೆ, ದಾಖಲೆಯ ಪ್ರಕಾರ ಅದು ವರ್ಷವಿಡೀ ಕಲಿತು ಮುಂದಿನ ತರಗತಿಗೆ ಹೋದ ಮಗು.

ಇದು ಬರೀ ಈ ವರ್ಷದ ಗೋಳಲ್ಲ ಎಂದು ಯಾರಾದರೂ ಹೇಳಬಹುದು. ನಿಜ, 2023-24ರ ಬರದಲ್ಲೂ ಕಾಲುವೆ ಹೀಗೇ ಒಣಗಿತ್ತು. ಆದರೆ ಈ ಸಲದ ಎರಡನೇ ತರಗತಿಗೆ ಒಂದು ವಿಶೇಷವಿದೆ. 2021ರ ಜುಲೈ 5ರಂದು ಕೇಂದ್ರ ಶಿಕ್ಷಣ ಸಚಿವಾಲಯ ‘ನಿಪುಣ್ ಭಾರತ್’ ಶುರುಮಾಡಿದಾಗ ಇಟ್ಟುಕೊಂಡ ಗುರಿ 2026-27. ಆ ವರ್ಷದೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥ ತಿಳಿದು ಓದಲು, ಸರಳ ಲೆಕ್ಕ ಮಾಡಲು ಬರಬೇಕು. ಅವತ್ತು ಐದಾರು ವರ್ಷ ದೂರವಿದ್ದ ಆ ಗಡುವು ಈಗ ಬಾಗಿಲಿಗೆ ಬಂದಿದೆ. ಇವತ್ತು ಎರಡನೇ ತರಗತಿಯ ಚಾಪೆಯ ಮೇಲೆ ಕೂತಿರುವ, ಅಥವಾ ಕೂತಿರಬೇಕಾಗಿದ್ದ ಮಕ್ಕಳೇ ಬರುವ ಜೂನ್‌ನಲ್ಲಿ ಮೂರನೆಯದಕ್ಕೆ ಕಾಲಿಡುತ್ತಾರೆ. ಗುರಿಯ ವರ್ಷದ ಮಕ್ಕಳು ಇವರೇ. ಗುರಿ ಮುಟ್ಟಿದೆವು ಎಂಬ ವರದಿ ಬರೆಯುವುದು ಕಷ್ಟವೇನಲ್ಲ, ನಮ್ಮಲ್ಲಿ ವರದಿಗೆ ಬರ ಬಂದಿದ್ದೇ ಇಲ್ಲ. ಅಸರ್ ಸಮೀಕ್ಷೆ 2024ರಲ್ಲಿ ಮನೆಮನೆಗೆ ಹೋಗಿ ಓದಿಸಿ ನೋಡಿದಾಗ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಿದವರು ಶೇ 23.4. ಎರಡು ವರ್ಷದ ಹಿಂದೆ ಅದು ಶೇ 16.3 ಇತ್ತು, ಹಾಗಾಗಿ ಇದನ್ನು ಚೇತರಿಕೆ ಎಂದರು. ಚೇತರಿಕೆಯೇ. ನಾಲ್ವರಲ್ಲಿ ಮೂವರಿಗೆ ಓದಲು ಬಾರದ ಚೇತರಿಕೆ.

ರಾಯಚೂರು ಜಿಲ್ಲೆಯದು ಇದರಲ್ಲೂ ಹಿಂದಿನ ಸಾಲು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಜಿಲ್ಲೆಯದು ಶೇ 59.56. ಹೆಣ್ಣುಮಕ್ಕಳಲ್ಲಿ ಶೇ 48.73. ಈ ಮಕ್ಕಳ ಅಜ್ಜಿಯರು, ಎಷ್ಟೋ ತಾಯಂದಿರು ಆ ಅಂಕಿಯ ಹೊರಗಿದ್ದಾರೆ. ಮನೆಯಲ್ಲಿ ಕೈಹಿಡಿದು ತಿದ್ದಿಸುವವರಿಲ್ಲದ ಮಗುವಿಗೆ ಶಾಲೆಯಲ್ಲಿ ತಪ್ಪಿದ ಆರು ವಾರವನ್ನು ಬೇರೆ ಯಾರೂ ತುಂಬಿಕೊಡಲಾರರು. ಸಿಂಧನೂರಿನ ಪಟ್ಟಣದ ಕಾನ್ವೆಂಟಿನ ಮಗುವಿಗೆ ಟ್ಯೂಷನ್ ಇದೆ. ತಾಂಡಾದ ಮಗುವಿಗೆ ಇರುವುದು ಶಾಲೆಯೊಂದೇ.

ಆ ಶಾಲೆಯೊಳಗೆ ಈಗ ಏನು ನಡೆದಿದೆ ನೋಡೋಣ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮಲ್ಲಿ ನಲಿ-ಕಲಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ಶಿಕ್ಷಕರೇ ಕಟ್ಟಿದ ಪದ್ಧತಿ, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಬಂತು. ಅ ಆ ಇ ಈ ಎಂದು ಸಾಲಾಗಿ ಕಲಿಸುವ ಬದಲು ರ, ಗ, ಸ, ದ, ಅ ಎಂದು ಶುರು. ಐದು ಅಕ್ಷರ ಕೈಗೆ ಬಂದರೆ ಸಾಕು, ಅರಸ, ಸರ, ದರ ಎಂದು ಪದ ಹುಟ್ಟುತ್ತವೆ. ಕಾರ್ಡು, ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೈಕೆಲಸ ತೂಗುವ ಕಲಿಕಾ ಚಪ್ಪರ, ಗೋಡೆಯ ಬುಡಕ್ಕೆ ಮಗುವಿಗೆ ಎಟುಕುವ ಕಪ್ಪುಹಲಗೆ, ಮೋಡವೋ ಬಿಸಿಲೋ ಎಂದು ಬೆಳಿಗ್ಗೆ ಗುರುತು ಹಾಕುವ ಹವಾಮಾನ ನಕ್ಷೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು, ಗೈರಾದ ಮಗು ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ಗುಳೆಯ ನಾಡಿಗೆ ಹೇಳಿ ಮಾಡಿಸಿದಂಥ ಪದ್ಧತಿ, ಕಾಗದದ ಮೇಲೆ.

ಯಾವುದೇ ನಲಿ-ಕಲಿ ಕೋಣೆಗೆ ಈ ದಿನಗಳಲ್ಲಿ ಹೋಗಿ ಪ್ರಗತಿ ನೋಟದ ಹಾಳೆಯನ್ನು ಹತ್ತಿರದಿಂದ ನೋಡಿ. ಜೂನ್‌ನಿಂದ ಡಿಸೆಂಬರ್‌ವರೆಗಿನ ಗುರುತುಗಳು ಒಂದೊಂದು ಬಣ್ಣದಲ್ಲಿವೆ, ಒಂದು ನೀಲಿ, ಒಂದು ಕಪ್ಪು, ಒಂದು ಅಳಿಸಿ ಬರೆದದ್ದು. ಕೆಲವು ಮಕ್ಕಳ ಸಾಲಿನಲ್ಲಿ ಆಮೇಲಿನ ಗುರುತುಗಳೆಲ್ಲ ಒಂದೇ ಪೆನ್ನಿನವು, ಒಂದೇ ಒತ್ತಿನವು, ಒಂದೇ ಕುಳಿತಕ್ಕೆ ಹಾಕಿದವು. ಏಣಿ ಹತ್ತಿದ್ದು ಪೆನ್ನು, ಮಗು ಅಲ್ಲ. ಅವಧಿ ಮುಗಿಯುವ ಮುಂಚೆ ಎಲ್ಲರೂ ಕೊನೆಯ ಮೈಲಿಗಲ್ಲು ಮುಟ್ಟಿರಬೇಕು ಎಂಬ ಒತ್ತಡ ಮೇಲಿನಿಂದ ಬಂದರೆ ಇನ್ನೇನಾದೀತು?

ಮಗುವನ್ನೇ ಓದಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಎರಡನೇ ತರಗತಿಯ ಹುಡುಗ ಎದ್ದು ನಿಂತು ಪಾಠವನ್ನು ನೀರು ಕುಡಿದಂತೆ ಒಪ್ಪಿಸುತ್ತಾನೆ. ಕಿವಿಗೆ ಚೆಂದ. ಅವನ ಬೆರಳನ್ನು ನೋಡಿ: ಬಾಯಿ ಮೂರನೇ ಸಾಲಿನಲ್ಲಿದ್ದರೆ ಬೆರಳು ಇನ್ನೂ ಎರಡನೆಯದರಲ್ಲಿ ತೆವಳುತ್ತಿರುತ್ತದೆ. ಅದೇ ಪಾಠದ ನಡುವಿನ ಒಂದು ಪದಕ್ಕೆ ಕೈಯಿಟ್ಟು ಇದೇನಪ್ಪಾ ಎಂದರೆ ಸುಮ್ಮನಾಗುತ್ತಾನೆ. ಮತ್ತೆ ಮೊದಲಿನಿಂದ ಮನಸ್ಸಿನಲ್ಲೇ ಗುನುಗಿಕೊಂಡು ಆ ಪದಕ್ಕೆ ಬಂದು ಹೇಳುತ್ತಾನೆ. ಜಾಣತನಕ್ಕೇನೂ ಕೊರತೆಯಿಲ್ಲ. ಓದುವುದಕ್ಕಿಂತ ಕಷ್ಟದ ಕೆಲಸವನ್ನು ಅವನು ಮಾಡಿದ್ದಾನೆ, ಇಡೀ ಪುಟವನ್ನು ಬಾಯಿಪಾಠ ಹೊಡೆದಿದ್ದಾನೆ. ಒತ್ತಕ್ಷರ ಬಂದಲ್ಲಿ, ಪರಿಚಯವಿಲ್ಲದ ಕತೆಯ ನಾಲ್ಕು ಸಾಲು ಕೊಟ್ಟಲ್ಲಿ ಬಂಡವಾಳ ಬಯಲಾಗುತ್ತದೆ. ಗಣಿತದಲ್ಲೂ ಹಾಗೆಯೇ. 52ರಲ್ಲಿ 17 ಕಳೆ ಎಂದರೆ ಪಾಟಿಯ ಮೇಲೆ 45 ಎಂದು ಬರುತ್ತದೆ. 2ರಲ್ಲಿ 7 ಹೋಗುವುದಿಲ್ಲವಲ್ಲ, ಅದಕ್ಕೆ 7ರಲ್ಲಿ 2 ಕಳೆದು 5 ಬರೆದದ್ದು. ಅದೇ ಹುಡುಗನನ್ನು ಸಂತೆಗೆ ಕಳಿಸಿ, ಐವತ್ತರ ನೋಟಿಗೆ ಚಿಲ್ಲರೆ ಒಂದು ರೂಪಾಯಿ ತಪ್ಪಿ ಬರುವುದಿಲ್ಲ. ದಶಕ ಬಿಡಿಸುವ ಮೆಟ್ಟಿಲಿನ ವಾರ ಅವನು ಶಾಲೆಯಲ್ಲಿ ಇರಲಿಲ್ಲ, ಅಷ್ಟೇ.

ಮೂರನೆಯದು ಮುಗಿಯಿತೆಂದರೆ ನಲಿ-ಕಲಿಯೂ ಮುಗಿಯಿತು. ನಾಲ್ಕರಲ್ಲಿ ಕಾರ್ಡಿಲ್ಲ, ಏಣಿಯಿಲ್ಲ, ಪಠ್ಯಪುಸ್ತಕದ ಪಾಠ, ಪ್ರಶ್ನೋತ್ತರ. ಅಲ್ಲಿ ಯಾರೂ ಅಕ್ಷರ ಕೂಡಿಸುವುದನ್ನು ಕಲಿಸುವುದಿಲ್ಲ, ಕಲಿಸಲು ಬಿಡುವೂ ಇಲ್ಲ. ಆಮೇಲೆ ಮೇ ತಿಂಗಳಲ್ಲಿ ಎಸ್‌ಎಸ್‌ಎಲ್‌ಸಿ ಪಟ್ಟಿ ಬಂದು ಕಲ್ಯಾಣ ಕರ್ನಾಟಕದ ಜಿಲ್ಲೆಗಳು ತಳದಲ್ಲಿ ಕಂಡಾಗ (2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆ) ಹೈಸ್ಕೂಲಿನ ಮುಖ್ಯಗುರುಗಳಿಗೆ ನೋಟಿಸು ಹೋಗುತ್ತದೆ. ಎಡದಂಡೆಯ ಕೊನೆಭಾಗದ ರೈತ ತನ್ನ ಹೊಲದ ತೂಬಿನಲ್ಲಿ ನೀರು ನಿಂತ ದಿನ ಎಚ್ಚರಗೊಳ್ಳುವುದಿಲ್ಲ. ಕಾಲುವೆಯ ಮೈಲ್ 69ರ ಗೇಜಿನಲ್ಲಿ ಮಟ್ಟ ಎಷ್ಟಿದೆ ಎಂದು ಅವನ ಕಣ್ಣು ಮೊದಲೇ ಅಲ್ಲಿರುತ್ತದೆ. ಎಸ್‌ಎಸ್‌ಎಲ್‌ಸಿಯ ಗೇಜು ಎರಡನೇ ತರಗತಿಯ ಮಾರ್ಚ್‌ನಲ್ಲಿದೆ. ಅಲ್ಲಿ ಯಾರೂ ನಿಂತಿಲ್ಲ.

ಶಿಕ್ಷಕರ ಮೇಲೆ ಹರಿಹಾಯುವುದು ಸುಲಭ, ನ್ಯಾಯವಲ್ಲ. ಈ ಶೈಕ್ಷಣಿಕ ವರ್ಷದ ಎರಡನೇ ಅವಧಿ ಅಕ್ಟೋಬರ್ 8ಕ್ಕೆ ಶುರುವಾಗಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ಹಿಗ್ಗಿಸಿದರು, ಹಿಂದೆಯೇ ದೀಪಾವಳಿ. ತಪ್ಪಿದ ದಿನಗಳನ್ನು ಹೆಚ್ಚುವರಿ ತರಗತಿ ಮಾಡಿ ತುಂಬಿ ಎಂದರು. ಹೆಚ್ಚುವರಿ ತರಗತಿಗೆ ಹೆಚ್ಚುವರಿ ಮಕ್ಕಳು ಸಿಗಬೇಕಲ್ಲ! ನವೆಂಬರ್, ಡಿಸೆಂಬರ್ ಎಂದರೆ ಹತ್ತಿ ಬಿಡಿಸುವ ಕಾಲ, ತೊಗರಿ ಕಾಲ, ಆಮೇಲೆ ಮೆಣಸಿನಕಾಯಿ. ಬೆಳಗಿನ ಹೊತ್ತು ಕೂಲಿಯವರನ್ನು ತುಂಬಿಕೊಂಡು ಹೋಗುವ ಟಂಟಂಗಳಲ್ಲಿ ಎಷ್ಟು ತಲೆ ಶಾಲೆಯವು ಎಂದು ಲಿಂಗಸುಗೂರು-ಮಸ್ಕಿ ರಸ್ತೆಯಲ್ಲಿ ನಿಂತವರಿಗೆ ಗೊತ್ತು. ಹುದ್ದೆಗಳ ವಿಷಯವೂ ಅಷ್ಟೇ. 2022ರಲ್ಲಿ ಸರ್ಕಾರ ನೇಮಕಕ್ಕೆ ಕರೆದ 15,000 ಪ್ರಾಥಮಿಕ ಶಿಕ್ಷಕ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಿದ್ದವು, ಆದರೆ ಅವೆಲ್ಲ ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರವು. ಅಕ್ಷರ ಕಲಿಸುವ ಕೋಣೆಗೆ ಅದರಿಂದ ಒಬ್ಬರೂ ಬರಲಿಲ್ಲ. ಅಲ್ಲಿ ಇರುವುದು ಬಹಳ ಕಡೆ ಅತಿಥಿ ಶಿಕ್ಷಕಿ. ಯಾವ ಮಗು ಯಾವ ಅಕ್ಷರದಲ್ಲಿ ಎಡವುತ್ತದೆ ಎಂದು ಅವರಿಗೊಬ್ಬರಿಗೇ ಗೊತ್ತು. ಅವಧಿ ಮುಗಿದ ದಿನ ಅವರ ಕೆಲಸವೂ ಮುಗಿಯುತ್ತದೆ, ಆ ತಿಳಿವಳಿಕೆಯೂ ಅವರೊಂದಿಗೇ ಮನೆಗೆ ಹೋಗುತ್ತದೆ. ಜೂನ್‌ನಲ್ಲಿ ಹೊಸ ಮುಖ, ಹೊಸದಾಗಿ ಹಿಂದಿನ ಪಾಠ ಕೂಡಿಸುವ ಸೇತುಬಂಧ.

ಅವಧಿಯ ಕೊನೆಯ ಚಟುವಟಿಕೆಗಳ ಬಗ್ಗೆಯೂ ಒಂದು ಮಾತು. ಕಲಿಕಾ ಹಬ್ಬ ಒಳ್ಳೆಯ ಕಲ್ಪನೆ. 2023ರಲ್ಲಿ ಅದು ಬಂದಾಗ ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಎಂದು ಮೂಲೆಗಳಿದ್ದವು, ಪ್ರತಿ ಮಗುವಿಗೂ ಕೈ ಕೆಸರು ಮಾಡಿಕೊಳ್ಳುವ ಅವಕಾಶವಿತ್ತು. ಕಳೆದ ವರ್ಷದಿಂದ ಬುನಾದಿ ಕಲಿಕೆಯ ಹೆಸರಿನಲ್ಲಿ ಕ್ಲಸ್ಟರ್ ಮಟ್ಟಕ್ಕೆ ಬಂದಿರುವ ಹಬ್ಬದಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ. ಗಟ್ಟಿ ಓದಿಗೆ ಶಾಲೆ ಯಾರನ್ನು ಕಳಿಸುತ್ತದೆ? ಚೆನ್ನಾಗಿ ಓದುವ ಮಗುವನ್ನೇ. ಬಹುಮಾನ ಬರುತ್ತದೆ, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಓದಲು ಬಾರದ ಮಗು ಆ ದಿನ ಶಾಲೆಯಲ್ಲೇ ಉಳಿದಿರುತ್ತದೆ. ಹಬ್ಬ ಬೇಡವೆಂದಲ್ಲ, ಆ ಫೋಟೊ ನೋಡಿ ತಾಲ್ಲೂಕಿನ ಕಲಿಕೆ ಅಳೆಯುವುದು ಬೇಡ. ಹೊರಸಂಚಾರದ ಕಾಲವೂ ಇದೇ. ಮಸ್ಕಿಗೆ ಬಂದ ಮಕ್ಕಳಿಗೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ ತೋರಿಸುತ್ತೇವೆ. ಕಲ್ಲಿನ ಬ್ರಾಹ್ಮಿ ಹೋಗಲಿ, ಪಕ್ಕದ ಫಲಕದ ಕನ್ನಡವನ್ನು ಎಷ್ಟು ಮಕ್ಕಳು ತಾವೇ ಓದುತ್ತಾರೆ ಎಂದು ಜೊತೆಗೆ ಹೋದ ಗುರುಗಳು ಎಣಿಸಿಕೊಂಡು ಬಂದರೆ ಅದೂ ಒಂದು ಮೌಲ್ಯಾಂಕನವೇ.

ಕನ್ನಡ ಎಂದಾಗ ಇನ್ನೊಂದು ಗಂಟು. ಈ ಮೂರು ತಾಲ್ಲೂಕಿನ ಒಂದನೇ ತರಗತಿಗೆ ಬರುವ ಮಗುವಿನ ಮನೆಮಾತು ಕನ್ನಡವೇ ಆಗಿರಬೇಕಿಲ್ಲ. ತಾಂಡಾದಲ್ಲಿ ಲಂಬಾಣಿ, ಕಾಲುವೆ ಕ್ಯಾಂಪುಗಳಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಎಪ್ಪತ್ತರ ದಶಕದಲ್ಲಿ ಬಂದು ನೆಲೆಸಿದವರ ಬಂಗಾಳಿ. ಈ ಮಕ್ಕಳು ಅಕ್ಷರ ಮತ್ತು ಭಾಷೆ ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ. ಆರು ವಾರ ಪುಣೆಯ ಕಟ್ಟಡದ ಬುಡದಲ್ಲಿ ಮರಾಠಿ, ಹಿಂದಿ ಕೇಳಿ ಬಂದ ತಾಂಡಾದ ಮಗು ಕಳೆದುಕೊಳ್ಳುವುದು ಕನ್ನಡ ಮಗು ಕಳೆದುಕೊಂಡದ್ದಕ್ಕಿಂತ ಹೆಚ್ಚು.

ಇಂಥ ಸೀಮೆಯಲ್ಲೂ ಎಲ್ಲರಿಗೂ ಓದು ಕಲಿಸಲು ಹೊರಟವರಿದ್ದಾರೆ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ, ನಮ್ಮಂತೆಯೇ ಮಳೆ ಕೈಕೊಡುವ ಬಡ ಸೀಮೆಯಲ್ಲಿ, ಸೊಬ್ರಾಲ್ ಎಂಬ ಊರಿದೆ. 2000ದ ಆಸುಪಾಸಿನಲ್ಲಿ ಅಲ್ಲಿನ ನಗರಸಭೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿತು. ಮೇಲಿನ ತರಗತಿಯವರಿಗೂ ಓದಲು ಬಾರದು ಎಂಬುದು ಬಯಲಾಯಿತು. ಅವರು ಆ ಫಲಿತಾಂಶವನ್ನು ಬಚ್ಚಿಡಲಿಲ್ಲ. ಎರಡನೇ ತರಗತಿ ಮುಗಿಯುವುದರೊಳಗೆ ಎಲ್ಲರಿಗೂ ಓದು ಎಂಬ ಒಂದೇ ಗುರಿ ಹಿಡಿದು, ಅವಧಿಗೊಮ್ಮೆ ಮತ್ತೆ ಓದಿಸಿ ನೋಡುತ್ತಾ ಹೋದರು. ಸುಮಾರು ಹದಿನೈದು ವರ್ಷದಲ್ಲಿ ಸೊಬ್ರಾಲ್ ಆ ದೇಶದ ಶಾಲಾ ಗುಣಮಟ್ಟದ ಸೂಚ್ಯಂಕದಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ ಹಣದ ಪಾತ್ರವೂ ಇತ್ತು, ರಾಜಕೀಯ ಇಚ್ಛೆಯ ಪಾತ್ರವೂ ಇತ್ತು. ಆದರೆ ಶುರುವಾದದ್ದು ಓದಿಸಿ ಕೇಳುವುದರಿಂದ.

ಹಾಗೆ ಓದಿಸಿ ಕೇಳಲು ನಮಗೆ ಹೊಸ ಯೋಜನೆ ಬೇಕಿಲ್ಲ. ಮಾರ್ಚ್ ಮೊದಲ ವಾರದ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲೇ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಗಳು ಹೇಳಬಹುದು: ಎರಡು ಮತ್ತು ಮೂರನೇ ತರಗತಿಯ ಪ್ರತಿ ಮಗುವಿಗೂ ಅದು ಹಿಂದೆ ನೋಡಿರದ ನಾಲ್ಕು ಸಾಲಿನ ಕತೆ ಕೊಟ್ಟು ಓದಿಸಿ. ಮಗುವಿಗೆ ಐದು ನಿಮಿಷ ಎಂದರೂ 25 ಮಕ್ಕಳಿಗೆ ಎರಡು ತಾಸು ಚಿಲ್ಲರೆ. ಅಕ್ಷರದಲ್ಲಿದೆಯೋ, ಪದದಲ್ಲಿದೆಯೋ, ವಾಕ್ಯದಲ್ಲಿದೆಯೋ ಎಂದು ಹೆಸರಿನ ಮುಂದೆ ಇದ್ದದ್ದು ಇದ್ದಂತೆ ಬರೆಯಿರಿ. ಇದ್ದದ್ದು ಬರೆದ ಶಿಕ್ಷಕರಿಗೆ ನೋಟಿಸು ಬರುವುದಿಲ್ಲ ಎಂದು ಲಿಂಗಸುಗೂರು, ಸಿಂಧನೂರಿನ ಬಿಇಒ ಕಚೇರಿಗಳು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಹೇಳಬೇಕು. ಇಲ್ಲದಿದ್ದರೆ ಆ ಹಾಳೆಯೂ ಒಂದೇ ಪೆನ್ನಿನಲ್ಲಿ ತುಂಬುತ್ತದೆ. ಆ ಹಾಳೆ ಜೂನ್‌ನಲ್ಲಿ ಮೂರು, ನಾಲ್ಕನೇ ತರಗತಿ ತೆಗೆದುಕೊಳ್ಳುವವರ ಕೈಗೆ ಹೋಗಬೇಕು. ಅದನ್ನು ಬರೆದ ಅತಿಥಿ ಶಿಕ್ಷಕಿಯೇ ಅದೇ ಶಾಲೆಗೆ ಮೊದಲ ದಿನದಿಂದ ಮರಳುವಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಖರ್ಚು ಮಾಡುವ ಹಣಕ್ಕೆ ಇದಕ್ಕಿಂತ ನೇರವಾದ ಕೆಲಸ ಸಿಗಲಿಕ್ಕಿಲ್ಲ.

ಈಗಾಗಲೇ ಹೋದ ಮಕ್ಕಳ ಮಾತು ಬೇರೆ. ಸತತ ಏಳು ದಿನ ಕಾರಣವಿಲ್ಲದೆ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದದ್ದೆಂದು ಗುರುತಿಸಬೇಕು ಎಂಬುದು ನಮ್ಮದೇ ನಿಯಮ. ಹಾಗೆ ಗುರುತಿಸಿದರೆ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ, ಗುರುತಿಸದಿದ್ದರೆ ಹಾಜರಿ ಚೆಂದ ಕಾಣುತ್ತದೆ. ಕಟ್ಟಡ ಕೆಲಸದ ಊರಿನ ಶಾಲೆ ವರ್ಗಾವಣೆ ಪತ್ರವಿಲ್ಲ ಎಂದು ಮಗುವನ್ನು ವಾಪಸು ಕಳಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳಿದೆ. ಇದು ಗೊತ್ತಿರುವ ಗುಳೆಯ ತಂದೆ-ತಾಯಿ ಎಷ್ಟು ಮಂದಿ? ಹೊರಡುವ ಮುಂಚೆ ಸ್ಯಾಟ್ಸ್ (ವಿದ್ಯಾರ್ಥಿ ದಾಖಲೆ) ಸಂಖ್ಯೆ, ಮಗು ನಿಂತ ಮೆಟ್ಟಿಲು, ಗುರುಗಳ ಫೋನ್ ನಂಬರು ಬರೆದ ಒಂದು ಚೀಟಿ ಕೊಟ್ಟು, ಅವರ ನಂಬರನ್ನು ಶಾಲೆ ಇಟ್ಟುಕೊಳ್ಳಬಹುದು. ಗುಳೆ ಮಕ್ಕಳಿಗೆಂದು ಸಮಗ್ರ ಶಿಕ್ಷಣದಲ್ಲಿ ಋತುಮಾನದ ವಸತಿನಿಲಯಗಳಿವೆ. ಅವು ಊರು ಖಾಲಿಯಾಗುವ ಮುಂಚೆ ಬಾಗಿಲು ತೆರೆದರೆ ಮಾತ್ರ ಉಪಯೋಗ. ನವೆಂಬರ್‌ನಲ್ಲೇ ಕಾಲುವೆಯ ಸುದ್ದಿ ಬಂದಿತ್ತು, ತಾಂಡಾವಾರು ಪಟ್ಟಿ ಮಾಡಲು ಎರಡು ತಿಂಗಳು ಕೈಯಲ್ಲಿದ್ದವು. ಗೇಟುಗಳ ಕೆಲಸ ತಡವಾಗಿ ಮುಂದಿನ ವರ್ಷವೂ ನೀರಿನ ಅನುಮಾನ ಬಂದರೆ, ಕನಿಷ್ಠ ಆಗಲಾದರೂ ನೀರಾವರಿ ಸಲಹಾ ಸಮಿತಿಯ ತೀರ್ಮಾನದ ಒಂದು ಪ್ರತಿ ಶಿಕ್ಷಣ ಇಲಾಖೆಯ ಮೇಜಿಗೂ ಹೋಗಲಿ.

ಮಸ್ಕಿ ಕಡೆಯ ಜನಕ್ಕೆ ಹಟ ಹಿಡಿದು ಕೇಳುವುದು ಗೊತ್ತಿಲ್ಲ ಎನ್ನುವಂತಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವರು ಅವರು. 2021ರ ಉಪಚುನಾವಣೆಯಲ್ಲಿ ಆ ಕಾಲುವೆಯ ಮಾತಾಡದೆ ಯಾವ ಪಕ್ಷವೂ ಊರೊಳಗೆ ಬರಲಾಗಲಿಲ್ಲ. ಶಾಲೆಯ ವಿಷಯಕ್ಕೆ ಧರಣಿಯೇನೂ ಬೇಕಿಲ್ಲ. ಮಾರ್ಚ್‌ನಲ್ಲಿ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದು ನಡಾವಳಿ ಪುಸ್ತಕ ಮುಂದಿಟ್ಟಾಗ, ಅಧ್ಯಕ್ಷರು ಸಹಿ ಹಾಕುವ ಮುಂಚೆ ಎದ್ದು ಎರಡನೇ ತರಗತಿಯ ಕೋಣೆಗೆ ಹೋಗಿ, ಹಾಜರಿ ಪುಸ್ತಕ ಹಿಡಿದು ಒಂದೊಂದೇ ಹೆಸರು ಕರೆಯಲಿ. ಬಂದ ಮಗುವನ್ನು ಓದಿಸಲಿ. ಬಾರದ ಮಗು ಯಾವ ಊರಿನಲ್ಲಿದೆ ಎಂದು ಅಲ್ಲೇ ಬರೆಸಲಿ.